ಕೈಕೊಡುವ ಹೊಸ ವ್ಯಾನೋ, ತುಕ್ಕು ಹಿಡಿಯುವ ಹಳೆಯದೋ?

ಎರಡರಲ್ಲಿ ಯಾವುದನ್ನು ಉಳಿಸಿಕೊಂಡು ರಿಪೇರಿಗೆ ದುಡ್ಡು ಹಾಕಬೇಕು? ಎರಡೂ ಡೀಸೆಲ್ ಗಾಡಿಗಳಾದರೆ ಮೊದಲು ನೋಡಬೇಕಾದ್ದು ಮೀಟರ್ ಅಲ್ಲ, ದಿನದ ಓಟ. ಹೊಸ ವ್ಯಾನಿನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತನ್ನಲ್ಲಿ ಕೂತ ಮಸಿಯನ್ನು ಸುಟ್ಟುಕೊಳ್ಳಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಐದಾರು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಿಗೆ ಆ ಬಿಸಿ ಸಿಗುವುದೇ ಕಷ್ಟ. ಅರ್ಧ ಸುಡುವಷ್ಟರಲ್ಲಿ ಎಂಜಿನ್ ಆಫ್. ಸುಡದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿದು, ಆಯಿಲ್ ಅಳೆಯುವ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತದೆ, ಕೊನೆಗೆ ಫಿಲ್ಟರ್ ಕಟ್ಟಿಕೊಂಡ ಗಾಡಿ ಪಿಕಪ್ ಕಳೆದುಕೊಂಡು ತೆವಳುತ್ತದೆ. ಇಂಥ ಓಟಕ್ಕೆ ಫಿಲ್ಟರ್ ಬದಲಿಸಿದರೂ ಅದೇ ಕತೆ. ಹಳೆಯದೇ ಇರಲಿ.

ದಿನಾ ಹೆದ್ದಾರಿಯಲ್ಲಿ ದೂರ ಹೋಗುವವರಿಗೆ ಲೆಕ್ಕ ತಿರುಗುತ್ತದೆ. ಎಬಿಎಸ್, ಏರ್‌ಬ್ಯಾಗ್ ಇರುವ ಹೊಸದನ್ನೇ ರಿಪೇರಿ ಮಾಡಿಸಬಹುದು, ದೋಷ ಎಲ್ಲಿದೆ ಎಂದು ಖಚಿತವಾಗಿದ್ದರೆ ಮಾತ್ರ. ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಬಂತೆಂದು ಸೆನ್ಸರ್ ಬದಲಿಸುತ್ತಾ ಹೋಗುವುದು ದುಡ್ಡು ದಂಡ. ಮೊದಲು ಬ್ಯಾಟರಿ, ಅರ್ತ್ ವೈರ್, ಟರ್ಬೊ ಹೋಸಿನ ಬಿರುಕು ನೋಡಿ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಮೇಲೆ ಅನುಮಾನವೇ? ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪನ್ನು (ಮಿಕ್ಕ ಡೀಸೆಲ್ ವಾಪಸ್ ಹೋಗುವ ಪೈಪ್) ಬೇರೆ ಬೇರೆ ಬಾಟಲಿಗೆ ಬಿಟ್ಟು ಎಂಜಿನ್ ಐಡಲ್‌ನಲ್ಲಿಡಿ. ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಕಳ್ಳ ಸಿಕ್ಕಿದ ಹಾಗೆ.

ಮೆಕ್ಯಾನಿಕಲ್ ಪಂಪಿನ ಹಳೆಯ ಎಂಜಿನ್ನಿಗೆ ಲ್ಯಾಪ್‌ಟಾಪ್ ಬೇಡ, ಸ್ಪ್ಯಾನರ್ ಸಾಕು. ಅದರ ಶತ್ರು ತುಕ್ಕು. ಚಾಸಿಸ್, ಸ್ಪ್ರಿಂಗ್ ಕೂರುವ ಜಾಗವನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಮೇಲಿನ ಪದರ ಉದುರಿದರೆ ಉಜ್ಜಿ ಬಣ್ಣ ಹೊಡೆದರಾಯಿತು; ತುದಿ ಒಳಗೇ ಇಳಿದರೆ ಎಂಜಿನ್ ಎಷ್ಟೇ ಗಟ್ಟಿಯಿರಲಿ, ವೆಲ್ಡಿಂಗ್ ಲೆಕ್ಕ ಹಾಕದೆ ಅದಕ್ಕೆ ದುಡ್ಡು ಸುರಿಯಬೇಡಿ.