ಮೂರು ಮಳೆಗಾಲ ಕಂಡ ಲಾಂಜಿನ್: 190ನೇ ವರ್ಷದ ವಾಚು ಮಲೆನಾಡಲ್ಲಿ ಹೇಗಿದೆ?

ವಾಚು ಮನೆಗೆ ತಂದ ದಿನ ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ. "ವರ್ಷ ತುಂಬಿದ್ದು ಅವರಿಗೆ. ದುಡ್ಡು ಕೊಡೋದು ನೀನಾ ಮಾರಾಯ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಲಾಂಜಿನ್ ಕಂಪನಿ ಶುರುವಾಗಿದ್ದು 1832ರಲ್ಲಿ, ಸ್ವಿಟ್ಜರ್ಲೆಂಡಿನ ಸೇಂಟ್ ಇಮಿಯೆ ಊರಲ್ಲಿ. 2022ಕ್ಕೆ 190 ವರ್ಷ ಆಯಿತು ಅಂತ ಮಾಸ್ಟರ್ ಕಲೆಕ್ಷನ್ ಸಾಲಿನಲ್ಲಿ ಒಂದು ವಿಶೇಷ ವಾಚು ಬಿಟ್ಟರು. ಚಿನ್ನದ್ದೂ ಇದೆ, ಸ್ಟೀಲಿನದ್ದೂ ಇದೆ. ನನ್ನದು ಸ್ಟೀಲು, 40 ಮಿಲಿಮೀಟರ್. ಎರಡು ಲಕ್ಷದ ಆಸುಪಾಸು ಬಿತ್ತು. ಆಗಿನ ರೇಟಿಗೆ ನಾಲ್ಕು ಕ್ವಿಂಟಾಲ್ ಚಿಲ್ಲರೆ ರಾಶಿ ಅಡಿಕೆ. ಈ ಲೆಕ್ಕ ಹಾಕಿದ್ದು ನಾನಲ್ಲ, ಮನೆಯವರು.

ಕೆಲಸ ಶಿವಮೊಗ್ಗದಲ್ಲಿ, ತೋಟ ತೀರ್ಥಹಳ್ಳಿ ಕಡೆ. ವಾರಕ್ಕೆ ಐದು ದಿನ ಆಫೀಸು, ಎರಡು ದಿನ ಕೆಸರು. ತಂದ ವಾರದಲ್ಲೇ ವಿಮರ್ಶೆ ಬರೆದರೆ ಅದು ಬೀಗರ ಮನೆಯ ಊಟ ಹೊಗಳಿದ ಹಾಗೆ. ಅದಕ್ಕೇ ಮೂರು ಮಳೆಗಾಲ ಕಾದೆ.

ಇಂಥ ವಾರ್ಷಿಕೋತ್ಸವದ ವಾಚು ಬಂತೆಂದರೆ ಸಂಗ್ರಹ ಮಾಡುವವರಿಗೆ ಒಂದು ಆಸೆ, ಒಂದು ಹೆದರಿಕೆ. ಹಳೇ ವಾಚಿನ ರೂಪ ಹೊಸ ಮಿಷನ್ ಜೊತೆ ಸಿಗಲಿ ಅನ್ನುವುದು ಆಸೆ. ಡಯಲ್ ಮೇಲೆ ಇಸವಿ ಬರೆದು ಕೆಡಿಸಿಬಿಟ್ಟರೆ ಅನ್ನುವುದು ಹೆದರಿಕೆ. ಪಾಟೆಕ್ ಫಿಲಿಪ್ ಅನ್ನುವ ಸ್ವಿಸ್ ಕಂಪನಿ 2016ರಲ್ಲಿ ತನ್ನ ಮಾದರಿ ನಾಟಿಲಸ್‌ಗೆ 40 ವರ್ಷ ತುಂಬಿದಾಗ 700 ಪ್ಲಾಟಿನಂ ವಾಚು ಮಾಡಿತು. ಡಯಲ್ ಮೇಲೆಯೇ 40 ಅಂತ, 1976-2016 ಅಂತ ಅಚ್ಚೊತ್ತಿದ್ದರು. ವಾಚಿನ ಬೆಲೆ ನಮ್ಮ ಕಲ್ಪನೆಗೆ ಮೀರಿದ್ದು ಬಿಡಿ. ಆದರೆ ಫೋಟೋ ನೋಡಿದಾಗ ನನಗೆ ನೆನಪಾಗಿದ್ದು ಸೊಸೈಟಿಯ ಸುವರ್ಣ ಮಹೋತ್ಸವಕ್ಕೆ ಹಂಚುವ, ಹೆಸರು ಕೊರೆಸಿದ ಸ್ಟೀಲ್ ತಟ್ಟೆ.

ರೋಲೆಕ್ಸ್ ಈ ವಿಷಯದಲ್ಲಿ ಜಾಣ. 2003ರಲ್ಲಿ ಸಬ್‌ಮರೀನರ್‌ಗೆ 50 ಆದಾಗ ಡಯಲ್ ಮೇಲೆ 50 ಅಂತ ಬರೆಯಲಿಲ್ಲ. ಸುತ್ತಿನ ಕಪ್ಪು ಬಳೆಯನ್ನು ಹಸಿರು ಮಾಡಿತು, ಡಯಲ್ಲಿನ ಚುಕ್ಕಿಗಳನ್ನು ಸ್ವಲ್ಪ ದಪ್ಪ ಮಾಡಿತು, ಅಷ್ಟೆ. ಜನ ಅದಕ್ಕೆ ಕರ್ಮಿಟ್ ಅಂತ ಕಪ್ಪೆಯ ಹೆಸರಿಟ್ಟರು. 2010ರಲ್ಲಿ ಮಾಡುವುದು ನಿಲ್ಲಿಸಿದ ಮೇಲೆ ಅದೇ ಕಪ್ಪೆಗೆ ಮುಗಿಬಿದ್ದರು. 2022ರಲ್ಲಿ ಆಡೆಮಾರ್ ಪಿಗೆ ಕಂಪನಿ ಕೂಡ ತನ್ನ ರಾಯಲ್ ಓಕ್‌ನ 50ನ್ನು ಹಿಂಬದಿಯ ರೋಟರ್ (ಕೈ ಆಡಿದಾಗ ತಿರುಗಿ ಕೀ ತುಂಬುವ ತಟ್ಟೆ) ಮೇಲೆ ಇಟ್ಟಿತು. ಕೈಗೆ ಕಟ್ಟಿದಾಗ ಅದು ಕಾಣುವುದೇ ಇಲ್ಲ. ಹಬ್ಬ ಇರಲಿ, ಮೈಕ್ ಬೇಡ. ನನ್ನ ಅಭಿಪ್ರಾಯ ಇಷ್ಟೇ.

ಲಾಂಜಿನ್ ತೆಗೆದುಕೊಂಡಿದ್ದೂ ಇದಕ್ಕೇ. ಕನ್ನಡಕ ಹಾಕಿ ಹುಡುಕಿದರೂ ಡಯಲ್ ಮೇಲೆ 190 ಸಿಗುವುದಿಲ್ಲ. ಒಂದರಿಂದ ಹನ್ನೆರಡರವರೆಗಿನ ಅಂಕಿಗಳನ್ನು ಬರೆದಿಲ್ಲ, ಅಂಟಿಸಿಲ್ಲ, ಡಯಲ್ಲಿನೊಳಗೇ ಕೊರೆದಿದ್ದಾರೆ. ಇದರ ಸೊಗಸು ಆಫೀಸಿನ ಟ್ಯೂಬ್‌ಲೈಟಿನಲ್ಲಿ ಗೊತ್ತಾಗುವುದಿಲ್ಲ. ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತಾಗ ಬಿಸಿಲು ಓರೆಯಾಗಿ ಬೀಳುತ್ತದಲ್ಲ, ಆಗ ನೋಡಬೇಕು. 5ರ ಹೊಟ್ಟೆಯೊಳಗೆ ಸಣ್ಣ ನೆರಳು ಕೂರುತ್ತದೆ. ಕೈ ಸ್ವಲ್ಪ ತಿರುಗಿಸಿದರೆ ಆ ನೆರಳು ಮಗ್ಗುಲು ಬದಲಿಸುತ್ತದೆ. ನಮ್ಮ ಹಳೇ ಮನೆಯ ಬಾಗಿಲ ದಾರಂದದ ಕೆತ್ತನೆಯಲ್ಲೂ ಹೀಗೇ ಆಗುತ್ತದೆ. ಅದರ ಮೇಲೆ ನೀಲಿ ಮುಳ್ಳುಗಳು. ಮೂರು ವರ್ಷವಾದರೂ ಇದು ಬೇಜಾರಾಗಿಲ್ಲ.

ತಾರೀಕು ಇಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಾನು ಹೋಗುವ ರಿಪೇರಿ ಅಂಗಡಿಯವರು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟು ದುಡ್ಡು ಕೊಟ್ಟು ತಾರೀಕೂ ಇಲ್ವಾ ಸಾರ್?" ಅಂದರು. ಸಂಗ್ರಹದವರನ್ನು ಕೇಳಿದರೆ ಉಲ್ಟಾ ಹೇಳುತ್ತಾರೆ. ತಾರೀಕಿನ ಕಿಟಕಿ ಕೊರೆದರೆ ಒಂದು ಅಂಕಿ ಹೋಗುತ್ತದೆ, ಹಳೇ ಚೆಂದ ಕೆಡುತ್ತದೆ ಅಂತ. ನನ್ನ ಕಾರಣ ಸೋಮಾರಿತನ. ವಾಚು ನಿಂತಾಗ ತಾರೀಕು ತಿರುಗಿಸುತ್ತಾ ಕೂರುವ ರಗಳೆ ಇಲ್ಲ.

ನಿಲ್ಲುವುದೂ ಕಡಿಮೆ. ಒಳಗಿರುವುದು ಎಲ್888.5 ಮಿಷನ್, ಆಟೋಮ್ಯಾಟಿಕ್, ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುತ್ತದೆ. ಪೂರ್ತಿ ಕೀ ತುಂಬಿದ್ದರೆ 72 ಗಂಟೆ ಓಡುತ್ತದೆ. ಶುಕ್ರವಾರ ಸಂಜೆ ಬಿಚ್ಚಿಟ್ಟು ತೋಟಕ್ಕೆ ಹೋದರೆ ಸೋಮವಾರ ಬೆಳಿಗ್ಗೆ ಇನ್ನೂ ಓಡುತ್ತಿರುತ್ತದೆ. ಗಂಟೆಗೆ 25,200 ಬಡಿತ, ಅಂದರೆ ಸೆಕೆಂಡಿಗೆ ಏಳು. ಒಳಗಿನ ಸಣ್ಣ ಸ್ಪ್ರಿಂಗ್ ಸಿಲಿಕಾನಿನದು, ಮ್ಯಾಗ್ನೆಟ್ಟಿಗೆ ಬಗ್ಗುವುದಿಲ್ಲ. ಮೊದಲ ತಿಂಗಳು ಫೋನಿನ ಟೈಮಿಗೆ ಹೋಲಿಸಿ ಬರೆದಿಟ್ಟಿದ್ದೆ. ದಿನಕ್ಕೆ ಮೂರು ಸೆಕೆಂಡು ಮುಂದೆ. ಕಳೆದ ತಿಂಗಳು ಮತ್ತೆ ನೋಡಿದೆ, ನಾಲ್ಕು. ಅಪ್ಪಯ್ಯನ ಎಚ್‌ಎಂಟಿ ಜನತಾಗೆ ದಿನಾ ಬೆಳಿಗ್ಗೆ ಕೀ ಕೊಡಬೇಕು. ಭದ್ರಾವತಿ ಆಕಾಶವಾಣಿ ಹಾಕಿಕೊಂಡು, ಸಮಯ ಹೇಳುವಾಗ ಮುಳ್ಳು ಸರಿ ಮಾಡಿಕೊಳ್ಳುತ್ತಿದ್ದರು. ಎಚ್‌ಎಂಟಿ ವಾಚ್ ಕಂಪನಿ 2016ರಲ್ಲಿ ಮುಚ್ಚುವುದು ಖಾತ್ರಿಯಾದ ಮೇಲೆ ಅದನ್ನು ಹುಡುಕುವವರು ಜಾಸ್ತಿಯಾದರು. ಹಳೇ ಮಿಷನ್‌ಗೆ ಹೊಸ ಬಣ್ಣದ ಡಯಲ್ ಕೂರಿಸಿ ಮಾರುವವರೂ ಜಾಸ್ತಿಯಾದರು. ಅಪ್ಪಯ್ಯನದು ಅಸಲಿ. ಡಯಲ್ ಹಳದಿಯಾಗಿದೆ, ಕೇಳಿದರೆ ಕೊಡುವುದಿಲ್ಲ.

ಈಗ ಮಳೆ. ಈ ವಾಚಿಗೆ ನೀರು ತಡೆಯುವ ಶಕ್ತಿ 30 ಮೀಟರ್ ಅಂತ ಬರೆದಿದೆ. ಹಾಗಂತ 30 ಮೀಟರ್ ಆಳಕ್ಕೆ ಇಳಿಯಬಹುದು ಅಂತ ಅಲ್ಲ. ಅದು ಒತ್ತಡದ ಲೆಕ್ಕ. ಕೈ ತೊಳೆಯುವಾಗ ಹನಿ ಬಿದ್ದರೆ ಪರವಾಗಿಲ್ಲ ಅಂತ ಓದಿಕೊಳ್ಳಬೇಕು. ಆಗುಂಬೆ ಕಡೆಯಿಂದ ಮಳೆ ಹಿಡಿದು ನಾಲ್ಕು ದಿನ ಬಿಡದೆ ಹೊಯ್ಯುವ ಜಾಗಕ್ಕೆ ಇದು ಸಾಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೈಕ್ ಹತ್ತುವಾಗ ನಾನು ಕಟ್ಟುವುದು ಪ್ಲಾಸ್ಟಿಕ್ ಡಿಜಿಟಲ್ ವಾಚು. ಲಾಂಜಿನ್ ಬ್ಯಾಗಿನಲ್ಲಿ, ಜಿಪ್ ಕವರಿನೊಳಗೆ.

ಬೆಲ್ಟ್ ಕಥೆ ಬೇರೆ. ಮೊದಲನೇ ಆಷಾಢದಲ್ಲಿ ಒಂದು ವಾರ ಊರಲ್ಲಿದ್ದೆ. ವಾಚನ್ನು ಕೋಣೆಯ ಮೇಜಿನ ಮೇಲೆ ಇಟ್ಟು ಮರೆತೆ. ತೆಗೆದು ನೋಡಿದರೆ ಚರ್ಮದ ಬೆಲ್ಟಿನ ಒಳಮೈಯಲ್ಲಿ, ಬೆವರು ತಾಗುವ ಜಾಗದಲ್ಲಿ, ಬೆಳ್ಳಗೆ ಬೂಸ್ಟು. ತಪ್ಪು ವಾಚಿನದ್ದಲ್ಲ, ನಮ್ಮ ಹವೆಯದ್ದು. ನಮ್ಮ ಚಪ್ಪಲಿಗೂ ಬರುತ್ತದೆ, ಪುಸ್ತಕಕ್ಕೂ ಬರುತ್ತದೆ. ಅಮ್ಮ, "ಒಲೆ ಮೇಲಿನ ಅಟ್ಟದಲ್ಲಿ ಇಡೋ, ಹೊಗೆಗೆ ಬರಲ್ಲ" ಅಂದರು. ಬೆಲ್ಟ್ ಒಂದನ್ನೇ ಬಿಚ್ಚಿ ಇಟ್ಟೆ. ಬೂಸ್ಟು ಬರಲಿಲ್ಲ, ನಿಜ. ಆದರೆ ಅದನ್ನು ಕಟ್ಟಿಕೊಂಡು ಮೀಟಿಂಗಿಗೆ ಹೋದಾಗ ಪಕ್ಕದವರು ಎರಡು ಸಲ ಮೂಗು ಎಳೆದುಕೊಂಡು, ಎಲ್ಲೋ ಏನೋ ಸುಡುತ್ತಿದೆ ಅಂದರು. ಈಗ ಮಳೆಗಾಲಕ್ಕೆ ಆರುನೂರು ರೂಪಾಯಿಯ ನೈಲಾನ್ ಬೆಲ್ಟ್ ಹಾಕುತ್ತೇನೆ. ಮೂಲ ಬೆಲ್ಟ್ ದೀಪಾವಳಿಗೆ ಹೊರಗೆ ಬರುತ್ತದೆ.

ಇನ್ನೊಂದು ಕೊರತೆ: ಮುಳ್ಳಿಗೆ ರೇಡಿಯಂ ಇಲ್ಲ. ಕರೆಂಟು ಹೋದ ರಾತ್ರಿ ಇದರಲ್ಲಿ ಟೈಮ್ ಕಾಣುವುದಿಲ್ಲ. ನಮ್ಮ ಕಡೆ ಅಂಥ ರಾತ್ರಿ ಎಷ್ಟು ಅಂತ ಗೊತ್ತಲ್ವಾ.

ಕೊಳ್ಳುವಾಗಿನ ಒಂದು ಮಾತು. ಬೆಂಗಳೂರಿನಲ್ಲಿ ನನಗೆ ಮಾರಿದವರು (ಹೆಸರು ಬೇಡ) "ಲಿಮಿಟೆಡ್ ಸಾರ್, ಇದೇ ಕೊನೇದು" ಅಂದಿದ್ದರು. ನನ್ನ ವಾಚಿನ ಮೇಲೆ ಇಷ್ಟರಲ್ಲಿ ಇಷ್ಟನೆಯದು ಅನ್ನುವ ನಂಬರ್ ಎಲ್ಲೂ ಇಲ್ಲ. ಎರಡು ತಿಂಗಳ ಮೇಲೆ ಹೋದಾಗ ಅದೇ ಗಾಜಿನ ಪೆಟ್ಟಿಗೆಯಲ್ಲಿ ಇನ್ನೊಂದು "ಕೊನೇದು" ಕೂತಿತ್ತು. ನಂಬರ್ ಇದ್ದರೂ ಏನು? ಒಮೆಗಾ 2019ರಲ್ಲಿ ಚಂದ್ರನ ಮೇಲೆ ಮನುಷ್ಯ ಇಳಿದ ಅಪೊಲೊ 11ರ 50ನೇ ವರ್ಷಕ್ಕೆ ಬಿಟ್ಟ ಸ್ಟೀಲ್ ಸ್ಪೀಡ್‌ಮಾಸ್ಟರ್ ಲಿಮಿಟೆಡ್ಡೇ, ಒಟ್ಟು 6,969. ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಅಷ್ಟು ಜನ ಇಲ್ಲ. ವಾರ್ಷಿಕೋತ್ಸವದ ವಾಚು ಅಂದಮಾತ್ರಕ್ಕೆ ರೇಟು ಏರುತ್ತದೆ ಅಂತ ಕೊಳ್ಳಬೇಡಿ. ಸುಮ್ನೆ ಕುತೂಹಲಕ್ಕೆ ಒಬ್ಬ ಹಳೇ ವಾಚು ಕೊಳ್ಳುವವರನ್ನು ಕೇಳಿದೆ. ನಾನು ಕೊಟ್ಟಿದ್ದಕ್ಕಿಂತ ಚೆನ್ನಾಗಿಯೇ ಕಡಿಮೆ ಹೇಳಿದರು. ಅಪ್ಪಯ್ಯನಿಗೆ ಆ ಅಂಕಿ ಹೇಳಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿದಿದ್ದು ಮಳೆ ಮತ್ತು ಕತ್ತಲೆಗೆ. ವಾರಂಟಿ ಐದು ವರ್ಷ, ಅದು ಮುಗಿಯುವವರೆಗೆ ಹಿಂದಿನ ಮುಚ್ಚಳ ಯಾರ ಕೈಯಲ್ಲೂ ತೆಗೆಸುವುದಿಲ್ಲ.

ಅಂದಹಾಗೆ, ಲಾಂಜಿನ್ ಅನ್ನುವುದು ಮನುಷ್ಯರ ಹೆಸರಲ್ಲ. 1867ರಲ್ಲಿ ಹೊಳೆ ದಂಡೆಯಲ್ಲಿ ಫ್ಯಾಕ್ಟರಿ ಕಟ್ಟಿದ ಜಾಗದ ಹೆಸರು, ಉದ್ದನೆಯ ಹುಲ್ಲುಗಾವಲು ಅಂತ ಅರ್ಥ. ನಮ್ಮಲ್ಲಾಗಿದ್ದರೆ ಉದ್ದಗದ್ದೆ ವಾಚು ಆಗುತ್ತಿತ್ತು. 2032ಕ್ಕೆ ಉದ್ದಗದ್ದೆಯವರಿಗೆ 200 ತುಂಬುತ್ತದೆ. ನನಗೆ ಬೇಕಾಗಿರುವುದು ಇದೇ ಕೊರೆದ ಅಂಕಿ, 38 ಮಿಲಿಮೀಟರ್, 100 ಮೀಟರ್ ನೀರು ತಡೆಯುವ ಮೈ, ಮುಳ್ಳಿಗೆ ಒಂಚೂರು ರೇಡಿಯಂ. ಡಯಲ್ ಮೇಲೆ 200 ಬೇಡ. ಆ ವರ್ಷದ ಅಡಿಕೆ ರೇಟು ನೋಡಿಕೊಂಡು ಅಪ್ಪಯ್ಯನ ಹತ್ತಿರ ಮಾತಾಡಬೇಕು.