ಸಿಸ್ಟಿಕ್ ಫೈಬ್ರೋಸಿಸ್ ಕಫದಲ್ಲಿ ಶಿಲೀಂಧ್ರ: ಯಾವ ಪ್ಲೇಟು, ಎಷ್ಟು ಕಫ, ಎಷ್ಟು ದಿನ

ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಗಟ್ಟಿ ಲೋಳೆ ಕಟ್ಟುವ ಆನುವಂಶಿಕ ಕಾಯಿಲೆ) ಇರುವವರ ಕಫವನ್ನು ಮಾಮೂಲಿ ಕಫದ ಹಾಗೆ ಅಗರ್ ಪ್ಲೇಟಿಗೆ ಗೀರಿಟ್ಟರೆ ಎರಡನೇ ದಿನಕ್ಕೇ ಸೂಡೋಮೊನಾಸ್ ಬ್ಯಾಕ್ಟೀರಿಯಾ ಪ್ಲೇಟನ್ನೆಲ್ಲ ಹಸಿರು ಮಾಡಿಬಿಡುತ್ತದೆ. ಅದರಡಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಇದ್ದರೂ ತಲೆ ಎತ್ತುವುದಿಲ್ಲ. ‘ಶಿಲೀಂಧ್ರ ಬೆಳೆದಿಲ್ಲ’ ಎಂದು ರಿಪೋರ್ಟು ಹೋಗುತ್ತದೆ.

ಮೀಡಿಯಾ (ಪ್ಲೇಟಿಗೆ ಸುರಿಯುವ ಪೋಷಕ ಅಗರ್) ಹೋಲಿಸುವ ಮುಂಚೆ ಕಫದ ಪ್ರಮಾಣ ಹೋಲಿಸಬೇಕು, ಹೆಚ್ಚಿನ ವ್ಯತ್ಯಾಸ ಇರುವುದೇ ಅಲ್ಲಿ. ಕಫವನ್ನು ತೆಳುಮಾಡಿ 10 ಮೈಕ್ರೋಲೀಟರ್ ಲೂಪಿನಲ್ಲಿ (ತುದಿಯಲ್ಲಿ ಬಳೆಯಿರುವ ಕಡ್ಡಿ) ಹಾಕುವುದು ಬ್ಯಾಕ್ಟೀರಿಯಾ ಎಣಿಸಲು ಸರಿ. ಶಿಲೀಂಧ್ರದ ಎಳೆಗಳು ಮಾತ್ರ ಗಟ್ಟಿ ಉಂಡೆಗಳಲ್ಲಿ ಸಿಕ್ಕಿಕೊಂಡಿರುತ್ತವೆ, ಲೂಪಿಗೆ ಬರುವುದಿಲ್ಲ. ಕಫದಷ್ಟೇ ಅಳತೆಯ 0.1% ಡೈಥಯೋಥ್ರೈಟಾಲ್ (ಲೋಳೆ ಕರಗಿಸುವ ರಾಸಾಯನಿಕ) ಸೇರಿಸಿ, ವೋರ್ಟೆಕ್ಸ್ ಯಂತ್ರದಲ್ಲಿ ಗಿರಗಿರ ಅಲ್ಲಾಡಿಸಿ, 37 ಡಿಗ್ರಿಯಲ್ಲಿ 15 ನಿಮಿಷ ಬಿಟ್ಟರೆ ಲೋಳೆ ಹರಿಯುವ ಹದಕ್ಕೆ ಬರುತ್ತದೆ. ಮುಂದೆ ತೆಳುಮಾಡದೆ 100ರಿಂದ 200 ಮೈಕ್ರೋಲೀಟರ್ ಪ್ಲೇಟಿಗೆ ಹರಡಿ. ಲೂಪಿನ ಪ್ಲೇಟು ಖಾಲಿ ಉಳಿದ ಅದೇ ಕಫ ಇಲ್ಲಿ ಆಸ್ಪರ್ಜಿಲಸ್ ತೋರಿಸುವುದು ಅಪರೂಪವಲ್ಲ.

ಈಗ ಪ್ಲೇಟು. ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯೋಟಿಕ್ ಹಾಕಿದ ಸಬೂರೋ (ಶಿಲೀಂಧ್ರಕ್ಕೆ ಬಳಸುವ ಮಾಮೂಲಿ ಅಗರ್) ಅಗ್ಗ, ಎಲ್ಲೆಡೆ ಸಿಗುತ್ತದೆ. ಆದರೆ ಸೂಡೋಮೊನಾಸ್ ಆ ಔಷಧಕ್ಕೆ ಹುಟ್ಟಿನಿಂದಲೇ ಬಗ್ಗದ ಜಾತಿ. ಬಿ ಪ್ಲಸ್ ಮೀಡಿಯಾದಲ್ಲಿ ಕ್ಲೋರಾಂಫೆನಿಕಾಲ್ ಜೊತೆ ಕೋಟ್ರೈಮೋಕ್ಸಜೋಲ್, ಸೆಫ್ಟಾಜಿಡೈಮ್, ಕೊಲಿಸ್ಟಿನ್ ಇರುವುದರಿಂದ ಹಸಿರು ಬಹಳ ತಗ್ಗುತ್ತದೆ. ಒಂದೇ ಎಚ್ಚರ: ಅಗರ್ 50 ಡಿಗ್ರಿಗೆ ಇಳಿದ ಮೇಲೆ ಸೆಫ್ಟಾಜಿಡೈಮ್ ಹಾಕಬೇಕು, ಬಿಸಿಯಲ್ಲಿ ಹಾಕಿದರೆ ಔಷಧ ಸತ್ತು ಪ್ಲೇಟು ಹೆಸರಿಗಷ್ಟೇ ಬಿ ಪ್ಲಸ್.

ಸೆಡೋಸ್ಪೋರಿಯಂ ಎಂಬ ಇನ್ನೊಂದು ಶಿಲೀಂಧ್ರದ ಸಂಶಯವಿದ್ದರೆ ಇವೆರಡೂ ಸಾಲವು. ಅದು ನಿಧಾನಿ, ಆಸ್ಪರ್ಜಿಲಸ್ ಮೊದಲೇ ಹಬ್ಬಿ ಜಾಗ ಹಿಡಿದಿರುತ್ತದೆ. ಸೆಸೆಲ್ ಪ್ಲಸ್ ಮೀಡಿಯಾದ ಡೈಕ್ಲೋರಾನ್, ಬೆನೊಮಿಲ್ ಆಸ್ಪರ್ಜಿಲಸನ್ನು ಹಿಡಿದಿಡುತ್ತವೆ. (ಬೆನೊಮಿಲ್ ಎಂದರೆ ಬೆಳೆಗೆ ಹೊಡೆಯುತ್ತಿದ್ದ ಅದೇ ಶಿಲೀಂಧ್ರನಾಶಕ, 2018ರಲ್ಲಿ ದೇಶದಲ್ಲಿ ನಿಷೇಧವಾಯಿತು.) ಇದೊಂದನ್ನೇ ಹಾಕಿದರೆ ಆಸ್ಪರ್ಜಿಲಸ್ ತಪ್ಪಿಹೋಗುತ್ತದೆ, ಹಾಗಾಗಿ ಬಿ ಪ್ಲಸ್ ಪಕ್ಕದಲ್ಲಿರಲಿ. ಎಕ್ಸೋಫಿಯಾಲಾ ಎಂಬ ಕಪ್ಪು ಯೀಸ್ಟಿಗೆ ಎರಿಥ್ರಿಟಾಲ್ ಅಗರ್ ಬೇರೆ ಇದೆ. ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿದಂತೆ ಜಿಗುಟು ಕಪ್ಪಾಗಿ ಅದು ಬೆಳೆಯುತ್ತದೆ.

ಪ್ಲೇಟಿನ ಬದಲು ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಬೇಗ, ಸೂಕ್ಷ್ಮವೂ ಹೌದು. ಆದರೆ ಶಿಲೀಂಧ್ರದ ಗೋಡೆ ಗಟ್ಟಿ, ಮಣಿ ಹಾಕಿ ಕುಟ್ಟದಿದ್ದರೆ ಡಿಎನ್‌ಎ ಹೊರಬರುವುದಿಲ್ಲ. ಕಫವೇ ಪ್ರತಿಕ್ರಿಯೆಯನ್ನು ತಡೆಯಬಹುದಾದ್ದರಿಂದ ಆಂತರಿಕ ಕಂಟ್ರೋಲ್ (ಪ್ರತಿಕ್ರಿಯೆ ನಡೆಯಿತೇ ಎಂದು ತೋರಿಸಲು ಜೊತೆಗೆ ಹಾಕುವ ಗೊತ್ತಿರುವ ಡಿಎನ್‌ಎ) ಇಲ್ಲದ ನೆಗೆಟಿವ್ ನಂಬಬೇಡಿ. ಸತ್ತ ಶಿಲೀಂಧ್ರಕ್ಕೂ ಪಿಸಿಆರ್ ಪಾಸಿಟಿವ್ ಎನ್ನುತ್ತದೆ. ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಪೂರ್ತಿ ಹೇಳಲು ಬೆಳೆದ ಕಾಲನಿಯೇ ಬೇಕು. ಹಾಗೆಂದು ಬೆಳೆದದ್ದೆಲ್ಲ ರೋಗವೂ ಅಲ್ಲ. ಆಸ್ಪರ್ಜಿಲಸ್ ಅಲರ್ಜಿ ಎನ್ನಲು ರಕ್ತದ ಐಜಿಇ (ಅಲರ್ಜಿಯ ಪ್ರತಿಕಾಯ) ನೋಡಲೇಬೇಕು.

ನಮ್ಮ ಕಡೆಯ ತೊಂದರೆಗಳು ಬೇರೆ. ‘ರೂಮ್ ಟೆಂಪರೇಚರ್‌ನಲ್ಲಿಡಿ’ ಎಂಬ ಸೂಚನೆ ಏಪ್ರಿಲ್‌ನ ವಿಜಯಪುರದಲ್ಲಿ 38 ಡಿಗ್ರಿ ಎಂದಾಗುತ್ತದೆ. ತಂಪು ಮಾಡಲೂ ಬರುವ ಬಿಓಡಿ ಇನ್‌ಕ್ಯುಬೇಟರ್ ಇಲ್ಲದೆ, ಪ್ಲೇಟಿಗೆ ಬೇಕಾದ 30 ಡಿಗ್ರಿ ಸಿಗದು. ಪ್ಲೇಟಿಗೆ 15 ಮಿಲಿ ಸುರಿದರೆ ಹತ್ತನೇ ದಿನಕ್ಕೆ ಅಗರ್ ಒಣಗಿ ಹಪ್ಪಳ. 25 ಮಿಲಿ ಸುರಿದು, ಇನ್‌ಕ್ಯುಬೇಟರಿನಲ್ಲಿ ನೀರಿನ ಟ್ರೇ ಇಡಿ. ಬೆಳಗಾವಿಯ ಮಳೆಗಾಲದಲ್ಲಿ ಉಲ್ಟಾ, ಗಾಳಿಯ ಬೂಷ್ಟೇ ಪ್ಲೇಟಿಗೆ ಬೀಳುತ್ತದೆ: ಕಫ ಹಾಕದ ಒಂದು ಖಾಲಿ ಪ್ಲೇಟು ಜೊತೆಗೇ ಇಡಿ, ಕಫ ಹರಡಿದ ಜಾಗದ ಹೊರಗೆ ಬೆಳೆದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಾಗಲಕೋಟೆಯಿಂದ ಬಸ್ಸಿಗೆ ಬರುವ ಕಫ ಐಸ್ ಡಬ್ಬಿಯಲ್ಲಿ 4 ಡಿಗ್ರಿಯಲ್ಲೇ ಬರಬೇಕು; ಬಿಸಿಲಿಗೆ ಬಿಟ್ಟರೆ ಬಾಯಿಯಲ್ಲಿರುವ ಕ್ಯಾಂಡಿಡಾ ಯೀಸ್ಟ್ ದಾರಿಯಲ್ಲೇ ದುಪ್ಪಟ್ಟಾಗುತ್ತದೆ.

ದುಡ್ಡು ಎರಡೇ ಪ್ಲೇಟಿಗೆ ಇದ್ದರೆ ಬಿ ಪ್ಲಸ್, ಸೆಸೆಲ್ ಪ್ಲಸ್. ಐದನೇ ದಿನಕ್ಕೆ ಎಸೆಯದೆ 14 ದಿನ ಕಾಯಿರಿ. ಎಸೆಯುವ ಮುನ್ನ ಪ್ಲೇಟು ತಿರುವಿ ತಳ ನೋಡಿ: ಮೇಲೆ ಇಲಿಯ ಮೈಯಂಥ ಬೂದು ತುಪ್ಪಳ, ಕೆಳಗೆ ಕಂದು-ಕಪ್ಪು ಕಲೆ ಕಂಡರೆ ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಸೆಡೋಸ್ಪೋರಿಯಂ ಹುಡುಕಿ.