ರೂಪಾಂತರ ಅಧ್ಯಯನಕ್ಕೆ ಯಾವ ಜೋಡಿ: ದೊಡ್ಡ ಕಾದಂಬರಿಯ ಸಿನಿಮಾವೋ, ಸಣ್ಣಕಥೆಯ ಸಿನಿಮಾವೋ, ರಂಗಪ್ರಯೋಗವೋ?

ಕನ್ನಡ ಎಂ.ಎ. ಕೊನೆಯ ವರ್ಷದಲ್ಲಿ ಸಾಹಿತ್ಯದ ಮಾಧ್ಯಮಾಂತರವನ್ನು ಕಿರುಪ್ರಬಂಧದ ವಿಷಯವಾಗಿ ಎತ್ತಿಕೊಳ್ಳುವವರ ಮನಸ್ಸಿಗೆ ಮೊದಲು ಬರುವುದು ಒಂದು ಪ್ರಸಿದ್ಧ ಕಾದಂಬರಿ ಮತ್ತು ಅದರಿಂದಾದ ಸಿನಿಮಾ. ನಾನೂ ಅಲ್ಲಿಂದಲೇ ಹೊರಟು, ಸೆಮಿನಾರ್ ಬರಹಗಳ ನೆಪದಲ್ಲಿ ಸಣ್ಣಕಥೆ ಮತ್ತು ಸಿನಿಮಾ, ಕಥೆ ಮತ್ತು ಧಾರಾವಾಹಿ, ಕಾದಂಬರಿ ಮತ್ತು ರಂಗಭೂಮಿ ಎಂಬ ಬೇರೆ ಜೋಡಿಗಳನ್ನೂ ಓದಿ, ನೋಡಿ, ಬರೆದಿದ್ದೇನೆ. ಪ್ರತಿಯೊಂದು ಜೋಡಿಯೂ ಬೇಡುವ ಶ್ರಮ ಬೇರೆ, ಎಬ್ಬಿಸುವ ಪ್ರಶ್ನೆಗಳೂ ಬೇರೆ. ಈಗ ವಿಷಯ ಆರಿಸಿಕೊಳ್ಳುವ ಹಂತದಲ್ಲಿರುವವರಿಗೆ ಆ ವ್ಯತ್ಯಾಸ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ದೊಡ್ಡ ಕಾದಂಬರಿಗೆ ನಾನು ತೆಗೆದುಕೊಂಡ ಉದಾಹರಣೆ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’. ಕಾದಂಬರಿ ಬಂದದ್ದು 1936ರಲ್ಲಿ, ಗಿರೀಶ ಕಾರ್ನಾಡರು ಅದನ್ನು ಸಿನಿಮಾ ಮಾಡಿದ್ದು 1999ರಲ್ಲಿ. ಈ ಜೋಡಿಯ ಅನುಕೂಲಗಳು ಸ್ಪಷ್ಟ: ಕಾದಂಬರಿ ಎಲ್ಲ ಗ್ರಂಥಾಲಯಗಳಲ್ಲಿ ಸಿಗುತ್ತದೆ, ಅದರ ಬಗ್ಗೆ ವಿಮರ್ಶೆ ಸಮೃದ್ಧವಾಗಿದೆ, ಮೌಲ್ಯಮಾಪನ ಮಾಡುವವರಿಗೂ ಕೃತಿ ಪರಿಚಿತ. ಆದರೆ ಹಾಳೆಯ ಎಡಕ್ಕೆ ಅಧ್ಯಾಯಗಳನ್ನೂ ಬಲಕ್ಕೆ ದೃಶ್ಯಗಳನ್ನೂ ಬರೆಯುತ್ತಾ ಹೋದರೆ ಬಲಭಾಗ ಬಹುಪಾಲು ಖಾಲಿಯೇ ಉಳಿಯುತ್ತದೆ. ಅಷ್ಟು ವಿಸ್ತಾರವಾದ ಕಥನವನ್ನು ಒಂದು ಚಲನಚಿತ್ರದ ಅವಧಿಗೆ ತರುವಾಗ ಹಲವು ಪಾತ್ರಗಳು, ಉಪಕಥೆಗಳು, ಕಾಡಿನ ದೀರ್ಘ ವರ್ಣನೆಗಳು ಬಿಟ್ಟುಹೋಗುವುದು ಅನಿವಾರ್ಯ. ಬಿಟ್ಟದ್ದಕ್ಕೆಲ್ಲ ಕಲಾತ್ಮಕ ಕಾರಣ ಹುಡುಕಲು ಹೊರಟರೆ ಅರ್ಧದಷ್ಟು ಕಡೆ ಸಿಗುವ ಉತ್ತರ ಸಮಯದ ಅಭಾವವೆಂಬುದೊಂದೇ. ಸಿನಿಮಾ ಕಾದಂಬರಿಗೆ ನಿಷ್ಠವಾಗಿದೆಯೇ ಎಂಬ ಪ್ರಶ್ನೆಯ ಸುತ್ತಲೇ ಬರಹ ತಿರುಗತೊಡಗುತ್ತದೆ. ನಿರ್ದೇಶಕನಿಗೆ ಕಾದಂಬರಿ ಕಚ್ಚಾ ಸಾಮಗ್ರಿ ಮಾತ್ರ ಎಂಬ ವಾದವನ್ನು ಅಮೆರಿಕದ ವಿದ್ವಾಂಸ ಜಾರ್ಜ್ ಬ್ಲೂಸ್ಟೋನ್ 1957ರಲ್ಲೇ ಮಂಡಿಸಿದ್ದರೂ, ಅದನ್ನು ಪೀಠಿಕೆಯಲ್ಲಿ ಉಲ್ಲೇಖಿಸಿ ಮುಂದಿನ ಪುಟಗಳಲ್ಲಿ ಮತ್ತೆ ನಷ್ಟದ ಲೆಕ್ಕವನ್ನೇ ಬರೆಯುವ ಕಿರುಪ್ರಬಂಧಗಳು ನಮ್ಮಲ್ಲಿ ಕಡಿಮೆಯಿಲ್ಲ. ಅದಕ್ಕೆ ವಿದ್ಯಾರ್ಥಿಗಳನ್ನು ದೂರಲಾಗದು. ಈ ಜೋಡಿಯೇ ಅವರನ್ನು ಆ ಕಡೆಗೆ ಎಳೆಯುತ್ತದೆ.

ಸಣ್ಣಕಥೆಯಿಂದ ಸಿನಿಮಾಕ್ಕೆ ಹೋದಾಗ ಪರಿಸ್ಥಿತಿ ತಿರುಗುಮುರುಗಾಗುತ್ತದೆ. ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯನ್ನೂ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಅದರಿಂದ ಮಾಡಿದ ತಮ್ಮ ಮೊದಲ ಕಥಾಚಿತ್ರವನ್ನೂ ಇದೇ ರೀತಿ ಅಕ್ಕಪಕ್ಕ ಇಟ್ಟಾಗ ತುಂಬಿಕೊಂಡದ್ದು ಬಲಭಾಗ. ಕೆಲವೇ ಪುಟಗಳ ಕಥೆ ಪೂರ್ಣಾವಧಿಯ ಚಿತ್ರವಾಗಬೇಕಾದರೆ ನಿರ್ದೇಶಕ ಸೇರಿಸಲೇಬೇಕು, ಹಿಗ್ಗಿಸಲೇಬೇಕು. ಸೇರಿಸಿದ ಪ್ರತಿಯೊಂದಕ್ಕೂ ಅವನದೇ ಕಾರಣವಿರುತ್ತದೆ. ಬಿಟ್ಟದ್ದರ ಕಾರಣವನ್ನು ಊಹಿಸಬೇಕಾಗುತ್ತದೆ, ಸೇರಿಸಿದ್ದನ್ನು ಪರದೆಯ ಮೇಲೆಯೇ ಪರೀಕ್ಷಿಸಬಹುದು.

ಈ ಜೋಡಿಯಲ್ಲಿ ನನ್ನನ್ನು ಬಹುಕಾಲ ಹಿಡಿದಿಟ್ಟದ್ದು ದೃಷ್ಟಿಕೋನದ ಪ್ರಶ್ನೆ. ವೇದಪಾಠಕ್ಕೆಂದು ಗುರು ಉಡುಪರ ಮನೆಗೆ ಬಂದ ಹುಡುಗ ನಾಣಿಯ ಕಣ್ಣಿನಿಂದ ಕಥೆ ಸಾಗುತ್ತದೆ. ಉಡುಪರ ವಿಧವೆ ಮಗಳು ಯಮುನಕ್ಕನಿಗೆ ಏನಾಗುತ್ತಿದೆ ಎಂಬುದು ಅವನಿಗೆ ಅರ್ಧಂಬರ್ಧ ತಿಳಿಯುತ್ತದೆ, ಉಳಿದದ್ದನ್ನು ಓದುಗರು ಅವನ ತಿಳಿವಳಿಕೆಯ ಆಚೆಗೆ ಊಹಿಸಿಕೊಳ್ಳುತ್ತಾರೆ. ಓದುವಾಗ ನಾವು ಹುಡುಗ ಕಂಡದ್ದನ್ನು ಕಾಣುತ್ತೇವೆ, ಅವನ ಮುಖವನ್ನು ಕಾಣುವುದಿಲ್ಲ. ಕ್ಯಾಮೆರಾದ ಮುಂದೆ ಅವನ ಮುಖವೂ ಬಂದು ನಿಲ್ಲುತ್ತದೆ. ಹಾಗಾದರೆ ಕ್ಯಾಮೆರಾ ಅವನ ಬೆನ್ನ ಹಿಂದೆ ನಿಂತು ನೋಡಬೇಕೇ, ಪಕ್ಕದಲ್ಲೇ, ಎದುರಿನಲ್ಲೇ, ಅಥವಾ ಅವನಿಲ್ಲದ ಕಡೆಗೂ ಹೋಗಬಹುದೇ? ಪ್ರತಿ ದೃಶ್ಯದಲ್ಲಿಯೂ ನಾಣಿ ಚೌಕಟ್ಟಿನೊಳಗೆ ಇದ್ದಾನೋ ಇಲ್ಲವೋ, ಇದ್ದರೆ ನೋಡುತ್ತಿದ್ದಾನೋ ನೋಡಲ್ಪಡುತ್ತಿದ್ದಾನೋ ಎಂದು ಗುರುತು ಹಾಕುತ್ತಾ ಹೋದೆ. ಕಿರುಪ್ರಬಂಧದ ಮುಖ್ಯ ಅಧ್ಯಾಯ ಆ ಗುರುತುಗಳಿಂದಲೇ ಬೆಳೆಯಿತು. ಬದುಕಿರುವ ಮಗಳಿಗೆ ತಂದೆ ಮಾಡುವ ಶ್ರಾದ್ಧವನ್ನೇ ತೆಗೆದುಕೊಳ್ಳಿ. ಪುಟದಲ್ಲಿ ಅದನ್ನು ಓದುವ ವೇಗ ನಮ್ಮ ಕೈಯಲ್ಲಿರುತ್ತದೆ, ಪರದೆಯಲ್ಲಿ ಆ ಕ್ರಿಯೆ ಮುಗಿಯುವ ತನಕ ಕಣ್ಣು ತೆರೆದು ಕೂರಬೇಕಾಗುತ್ತದೆ. ತಲೆ ಬೋಳಿಸಿದ ಯಮುನೆಯನ್ನು ಬಿಟ್ಟು ನಾಣಿ ತಂದೆಯೊಡನೆ ಹೊರಡುವ ಕೊನೆಯ ಭಾಗವನ್ನು ಎಷ್ಟು ಸಲ ನೋಡಿದರೂ ನಾನು ನಿರ್ಲಿಪ್ತವಾಗಿ ಟಿಪ್ಪಣಿ ಬರೆದುಕೊಳ್ಳಲಾರೆ.

ಒಂದು ವ್ಯಾವಹಾರಿಕ ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಇಂಥ ವಿಶ್ಲೇಷಣೆಗೆ ಸ್ಪಷ್ಟವಾದ ಪ್ರತಿ ಬೇಕೇ ಬೇಕು. ಎಸ್. ರಾಮಚಂದ್ರ ಅವರ ಕಪ್ಪುಬಿಳುಪಿನ ಛಾಯಾಗ್ರಹಣವನ್ನು ಮಸುಕು ವಿಡಿಯೊದಲ್ಲಿ ನೋಡಿ ನೆರಳುಬೆಳಕಿನ ಬಗ್ಗೆ ಬರೆಯುವುದು ನ್ಯಾಯವಲ್ಲ. ಈ ಚಿತ್ರದ ಪುನರುಜ್ಜೀವನಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿದೆ. ಅದು ಎಲ್ಲಿ ಪ್ರದರ್ಶನವಾದರೂ ಬಿಡದೆ ನೋಡಿ.

ಧಾರಾವಾಹಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರ್.ಕೆ. ನಾರಾಯಣ್ ಅವರ ಇಂಗ್ಲಿಷ್ ಕಥೆಗಳು ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ನಲ್ಲಿ ಆಗುಂಬೆಯ ಬೀದಿಗಿಳಿದು, ಕನ್ನಡದ ನಟರ ಬಾಯಲ್ಲಿ ಹಿಂದಿಯಾದದ್ದು ನಿಜಕ್ಕೂ ಆಕರ್ಷಕ ವಿಷಯ, ಆದರೆ ಅದು ಭಾಷಾಂತರ, ಪ್ರದೇಶ, ಸರ್ಕಾರಿ ಪ್ರಸಾರ ಎಂದು ಹಲವು ದಿಕ್ಕಿಗೆ ಹರಡಿಕೊಳ್ಳುವುದರಿಂದ ಒಂದು ಸೆಮಿಸ್ಟರಿನ ಅಳತೆಗೆ ಒಗ್ಗುವುದಿಲ್ಲ.

ರಂಗಭೂಮಿಯ ಸಂಗತಿ ಬೇರೆಯೇ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪದಲ್ಲಿ, ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಮೈಸೂರಿನ ರಂಗಾಯಣ 2010ರಲ್ಲಿ ಅಹೋರಾತ್ರಿ ಪ್ರಯೋಗವಾಗಿ ತಂದಿತು. ನಾನು ನೋಡಿದ್ದು ಬೆಂಗಳೂರಿನ ಕಲಾಗ್ರಾಮದಲ್ಲಿ. ಸುಮಾರು ಒಂಬತ್ತು ಗಂಟೆಗಳ ಅವಕಾಶವಿರುವುದರಿಂದ ಇಲ್ಲಿ ಹೋಲಿಕೆ ನಷ್ಟದ ಪಟ್ಟಿಯಾಗುವ ಅಪಾಯ ತುಂಬ ಕಡಿಮೆ. ರೂಪಾಂತರದ ಸಿದ್ಧಾಂತಿ ಲಿಂಡಾ ಹಚನ್ ತಮ್ಮ 2006ರ ಗ್ರಂಥದಲ್ಲಿ ‘ಹೇಳುವ ಮಾಧ್ಯಮ’ (ಕಥೆ, ಕಾದಂಬರಿ) ಮತ್ತು ‘ತೋರಿಸುವ ಮಾಧ್ಯಮ’ (ನಾಟಕ, ಸಿನಿಮಾ) ಎಂದು ಮಾಡುವ ವಿಂಗಡಣೆಯನ್ನು ನಮ್ಮ ವಿದ್ಯಾರ್ಥಿಗಳು ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ. ಜೋಗಿಗಳು, ಹೆಳವರಂಥ ಜನಪದ ಕಥೆಗಾರರು ರಂಗದ ಮೇಲೆಯೇ ಬಂದು ಕಥೆಯನ್ನು ಹೇಳುತ್ತಾ, ಹಾಡುತ್ತಾ, ಅದರ ನಡುವೆಯೇ ನಟನೆ ಸಾಗುವ ಈ ಪ್ರಯೋಗದ ಮುಂದೆ ಆ ಗೆರೆ ಸುಲಭವಾಗಿ ನಿಲ್ಲುವುದಿಲ್ಲ. ಯಾರೂ ಮುಖ್ಯರಲ್ಲ, ಅಮುಖ್ಯರೂ ಅಲ್ಲ ಎಂದು ಆರಂಭದಲ್ಲೇ ಸಾರುವ, ಹುಲಿಯನೆಂಬ ನಾಯಿಗೂ ಒಂದು ಮನಸ್ಸು ಕೊಡುವ ಕಾದಂಬರಿಗೆ ನಾಯಕನೊಬ್ಬನನ್ನು ಹುಡುಕದೆ ರಂಗರೂಪ ಕೊಡುವುದು ಹೇಗೆ ಎಂಬುದು ನಾನು ಈ ನಾಲ್ಕೂ ಜೋಡಿಗಳಲ್ಲಿ ಎದುರಿಸಿದ ಅತ್ಯಂತ ಫಲವತ್ತಾದ ಪ್ರಶ್ನೆ.

ಆದರೆ ಆಧಾರಗಳ ಕಷ್ಟ ದೊಡ್ಡದು. ಸಿನಿಮಾವನ್ನು ನಿಲ್ಲಿಸಿ ಹಿಂದಕ್ಕೆ ಓಡಿಸಿ ನೋಡಬಹುದು, ರಂಗಪ್ರಯೋಗವನ್ನು ಹಾಗೆ ನಿಲ್ಲಿಸುವಂತಿಲ್ಲ. ರಂಗಪಠ್ಯ ಒಂದು, ಆ ರಾತ್ರಿ ನಡೆದ ಪ್ರಯೋಗ ಇನ್ನೊಂದು, ನಟರು ಬದಲಾದ ಮತ್ತೊಂದು ರಾತ್ರಿಯ ಪ್ರಯೋಗ ಮಗದೊಂದು. ಯಾವುದನ್ನು ಕೃತಿ ಎಂದು ಕರೆಯುತ್ತೇವೆ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳದೆ ಬರೆದರೆ ವಾದ ಸಡಿಲಾಗುತ್ತದೆ. ಕತ್ತಲಲ್ಲಿ ಗೀಚಿಕೊಂಡ ಟಿಪ್ಪಣಿಗಳನ್ನು ನಟರ, ತಂತ್ರಜ್ಞರ ಮಾತಿನೊಂದಿಗೆ ತಾಳೆ ನೋಡಲು ತಿಂಗಳುಗಳೇ ಬೇಕು.

ಆದ್ದರಿಂದ ಒಂದೇ ಸೆಮಿಸ್ಟರಿನ ಕಾಲಾವಕಾಶವಿರುವವರಿಗೆ ನಾನು ಹಿಂಜರಿಕೆಯಿಲ್ಲದೆ ಸೂಚಿಸುವುದು ಸಣ್ಣಕಥೆ ಮತ್ತು ಸಿನಿಮಾದ ಜೋಡಿಯನ್ನು. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಕಾಸರವಳ್ಳಿಯವರೇ ಮಾಡಿದ ‘ತಬರನ ಕಥೆ’ಯೂ ಇದಕ್ಕೆ ಒದಗುತ್ತದೆ. ರಂಗಪ್ರಯೋಗವನ್ನು ಪಿಎಚ್.ಡಿ.ಯ ವಿಸ್ತಾರಕ್ಕೆ ಕಾಯ್ದಿರಿಸುವುದು ಮೇಲು. ಎಂ.ಎ. ಹಂತದಲ್ಲೇ ರಂಗಭೂಮಿ ಬೇಕೆನ್ನುವವರು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಪ್ರೇಮಿಗಳಾದ ಗುತ್ತಿ ಮತ್ತು ತಿಮ್ಮಿಯ ಎಳೆಯೊಂದನ್ನೇ ಆರಿಸಿಕೊಂಡು, ರಂಗಪಠ್ಯಕ್ಕಾಗಿ ತಂಡವನ್ನು ಸೆಮಿಸ್ಟರಿನ ಆರಂಭದಲ್ಲೇ ಕೇಳಿಕೊಂಡು, ಪ್ರಯೋಗವನ್ನು ಮೊದಲ ಸಲ ಟಿಪ್ಪಣಿ ಪುಸ್ತಕವಿಲ್ಲದೆ ನೋಡಲಿ.